ಕತ್ತರಿಸದ ಕೆಂಪು ದಾರ

ಮಾರ್ಚ್ ೩, ಸೋಮವಾರ

ಇವತ್ತು ಉಪವಾಸ. ಎದ್ದು ದೇವರ ಮುಂದೆ ದೀಪ ಹಚ್ಚಿ, ರಾತ್ರಿ ನೆನೆಹಾಕಿದ್ದ ಬಿಳಿ ಬಟ್ಟೆಗಳನ್ನು ಹಿಂಡಿ ಮಾಳಿಗೆಯ ಮೇಲೆ ಹರವಿದೆ. ಹನ್ನೊಂದು ಹಾಸಿಗೆ ಹೊದಿಕೆ, ಕ್ಷೌರದಂಗಡಿಯ ಇಪ್ಪತ್ತು ಟವೆಲ್ಲು, ಶಾಲೆ ಮೇಷ್ಟರ ಆರು ಅಂಗಿ. ಮೇಷ್ಟರ ಜೇಬಿನಲ್ಲಿ ಈ ವಾರವೂ ಸೀಮೆಸುಣ್ಣ. ಅಂಗಳ ಗುಡಿಸಿ, ಸೋದರತ್ತೆಗೆ ಬಿಸಿನೀರು ಕೊಟ್ಟು, ಅವರ ಎಂಬತ್ತನಾಲ್ಕು ವರ್ಷದ ಮೊಣಕಾಲಿಗೆ ಎಣ್ಣೆ ತಿಕ್ಕಿ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಹತ್ತಿರವಾಗಿದ್ದ.

ಮಧ್ಯಾಹ್ನ ಪ್ರಕಾಶನದಿಂದ ಕಾಗದ ಬಂತು. ಬರೆದವರು ಸಂಪಾದಕಿ. ನನ್ನ ಎರಡು ಪುಸ್ತಕ ಅಚ್ಚು ಹಾಕಿದರೂ ಅವರ ಮುಖ ನಾನು ನೋಡಿಲ್ಲ. ಎರಡರಲ್ಲೂ ರಾಣಿಯರ ಕಥೆಯನ್ನೇ ಗೀಚಿದ್ದೆ. ಅರಮನೆಯ ಹೊಸ್ತಿಲು ತುಳಿಯದೆ ಅರಮನೆಯ ಬಗ್ಗೆ ಬರೆಯಲು ಏಳನೇ ಕ್ಲಾಸಿನ ಧೈರ್ಯವೇ ಬೇಕು, ಹೆಚ್ಚು ಓದಿದ್ದರೆ ಹೆದರುತ್ತಿದ್ದೆ. ಈಗ ಗೀಚುತ್ತಿರುವುದು ನಮ್ಮ ಮುತ್ತಜ್ಜ ದಳಪತಿಯ ಕಥೆ. ಕೋಟೆ ಬಿದ್ದ ಮೇಲೆ ಶತ್ರುಗಳ ಕಣ್ಣು ತಪ್ಪಿಸಲು ಈ ಊರಿಗೆ ಬಂದು, ಕೋಟು ಬಿಚ್ಚಿಟ್ಟು, ಬಟ್ಟೆ ಒಗೆಯಲು ನಿಂತ ಎನ್ನುವುದು ನಮ್ಮ ಮನೆಯ ಕಥೆ. ಆ ಕೋಟನ್ನು ಕೆಳಗಿನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದೆ. ಅಂಗಡಿಯ ಹೆಸರೂ ದಳಪತಿ ಲಾಂಡ್ರಿ.

ಸಂಪಾದಕಿ ಕೇಳಿದ್ದು ಇಷ್ಟು. ದಳಪತಿ ನಿಜವಾಗಿಯೂ ನಿಮ್ಮ ಮುತ್ತಜ್ಜನೇ? ಹೌದಾದರೆ ಪುಸ್ತಕದ ಬೆನ್ನಿಗೆ ‘ದಳಪತಿಯ ಮರಿಮಗಳು ಬರೆದ ಕಾದಂಬರಿ’ ಎಂದು ಹಾಕುತ್ತೇವೆ. ಇಪ್ಪತ್ತನಾಲ್ಕರ ಟಪಾಲು ತಪ್ಪಿಸಬೇಡಿ. ಕೋಟೆ ಬಿಟ್ಟು ಹೊರಡುವ ಅಧ್ಯಾಯವೂ ಬೇಕು.

ಅಣ್ಣನಿಗೆ ತೋರಿಸಿದೆ. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಎರಡು ಸಲ ಓದಿದ.

“ನೋಡಿದೆಯಾ ಪುಟ್ಟಿ, ಹೊರಗಿನವರಿಗೆ ಗೊತ್ತಿದೆ ನಮ್ಮ ಬೆಲೆ. ನಾವೇನು ಹುಟ್ಟಿನಿಂದ ಒಗೆಯೋರಾ? ಕಾಲ ತಂದಿಟ್ಟಿದ್ದು.”

ಐವತ್ತು ತುಂಬಿದರೂ ನಾನಿನ್ನೂ ಪುಟ್ಟಿ. ಏನು ಉತ್ತರ ಬರೆಯಲಿ ಎಂದು ಅವನನ್ನೇ ಕೇಳಿದೆ. ಹೌದು ಅಂತ ಬರಿ, ಅದರಲ್ಲಿ ಕೇಳೋದೇನು ಅಂದ. ಸರಿ, ನಿಧಾನಕ್ಕೆ ಬರೆದರಾಯಿತು. ಯಜಮಾನರು ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಅವನ ಮಹಡಿ ಕೋಣೆಯಲ್ಲಿದ್ದೇನೆ. ಕೇಳಿ ಮಾಡುವುದು ಅಭ್ಯಾಸವಾಗಿದೆ.

ಮಾರ್ಚ್ ೬, ಗುರುವಾರ

ದಿನವಿಡೀ ಗುರುತು ಹೊಲಿದೆ. ನಮ್ಮಲ್ಲಿ ಬಟ್ಟೆ ಬಂದ ಕೂಡಲೇ ಕಾಣದ ಮೂಲೆಯಲ್ಲಿ ಕೆಂಪು ದಾರದಿಂದ ಮನೆಗೊಂದು ಗುರುತು ಹಾಕುತ್ತೇವೆ. ಮೇಷ್ಟರಿಗೆ ಎರಡು ಗೆರೆ, ಕ್ಷೌರದಂಗಡಿಗೆ ಒಂದು ಕತ್ತರಿಗುರುತು. ಬೇರೆ ಕಡೆ ಚೀಟಿ ಅಂಟಿಸುತ್ತಾರೆ, ಅಣ್ಣ ಒಪ್ಪುವುದಿಲ್ಲ. ಬಟ್ಟೆ ವಾಪಸು ಕೊಡುವಾಗ ಗಿರಾಕಿಯ ಕಣ್ಣೆದುರು ಆ ದಾರ ಕತ್ತರಿಸುತ್ತಾನೆ. ಅದಕ್ಕೆಂದೇ ಕೊರಳಲ್ಲಿ ಸಣ್ಣ ಕತ್ತರಿ ನೇತುಹಾಕಿಕೊಂಡಿರುತ್ತಾನೆ.

“ನೋಡ್ಕೊಳ್ಳಿ, ಕತ್ತರಿಸ್ತಿದೀನಿ. ಈಗ ಇದು ನಿಮ್ಮದು. ಇಲ್ಲೀತನಕ ನನ್ನ ತಲೆ ಮೇಲಿತ್ತು.”

ದಿನಕ್ಕೆ ನಲವತ್ತು ಸಲ ಇದೇ ಮಾತು. ಅತ್ತಿಗೆ ಒಳಗಿನಿಂದ ತುಟಿ ಆಡಿಸಿ ಅಣಕಿಸುತ್ತಾರೆ. ಅಪ್ಪನೂ ಹೀಗೇ ಹೇಳುತ್ತಿದ್ದ, ಅಜ್ಜನೂ.

ಅಪ್ಪ ದಳಪತಿಯ ಕಥೆ ಹೇಳುತ್ತಿದ್ದುದು ಇಸ್ತ್ರಿ ಮಾಡುತ್ತಲೇ. ಯುದ್ಧ ಬಂದಾಗಲೆಲ್ಲ ಒದ್ದೆ ಬಟ್ಟೆಯ ಮೇಲೆ ಪೆಟ್ಟಿಗೆ ಒತ್ತಿ ಚುಸ್ ಎನಿಸುತ್ತಿದ್ದ. ನನಗೆ ಇವತ್ತಿಗೂ ಯುದ್ಧವೆಂದರೆ ಬಿಸಿ ಆವಿಯ ವಾಸನೆ. ಒಂದೇ ಒಂದು ಸಲ ನಾನು, “ಅಪ್ಪಾ, ಆಗ ಮುತ್ತಜ್ಜಿ ಏನು ಮಾಡ್ತಿದ್ದಳು?” ಎಂದು ಕೇಳಿದ್ದೆ. ಅಪ್ಪ ಅಂಗಿ ಮಗುಚಿ ಹಾಕಿ, “ಇದ್ದಳು ಬಿಡು” ಅಂದಿದ್ದ.

ಮಾರ್ಚ್ ೯, ಭಾನುವಾರ

ಅಧ್ಯಾಯಕ್ಕೆ ಕೋಟಿನ ಹೊಲಿಗೆ, ಬಣ್ಣ ಸರಿಯಾಗಿ ನೋಡಬೇಕಿತ್ತು. ಅಂಗಡಿಗೆ ರಜೆ, ಅಣ್ಣ ಬೀಗ ತೆಗೆದು ಕೋಟನ್ನು ಮಗುವಿನ ಹಾಗೆ ಎತ್ತಿ ನನ್ನ ಕೈಗಿಟ್ಟ. ಮೆತ್ತನೆಯ ಬ್ರಷ್ ತರುತ್ತೇನೆಂದು ಹಿಂದಿನ ಕೋಣೆಗೆ ಹೋದ.

ಕಡುನೀಲಿ ಉಣ್ಣೆ. ಒಂಬತ್ತು ಗುಂಡಿ. ಮೊಣಕಾಲಿನವರೆಗೆ ಉದ್ದ. ಕಾಲರಿನ ಒಳಬದಿ ಹೇಗಿದೆಯೆಂದು ಮಡಚಿ ನೋಡಿದೆ.

ಅಲ್ಲಿ ಕೆಂಪು ದಾರ. ಮಾಸಿ ಇಟ್ಟಿಗೆ ಬಣ್ಣವಾಗಿದೆ, ಆದರೂ ಕೆಂಪೇ. ಎರಡು ಅಡ್ಡಗುರುತು, ಮಧ್ಯೆ ಒಂದು ಗೆರೆ. ನಮ್ಮ ಮನೆಯದೇ ಕೈ. ಗಂಟು ಹಾಕುವ ರೀತಿಯೂ ನಾನು ಹಾಕುವಂಥದ್ದೇ.

ಕತ್ತರಿಸಿಲ್ಲ.

ಕತ್ತರಿಸಿಲ್ಲವೆಂದರೆ ಕೋಟು ಕೊಟ್ಟವನ ಕೈಗೆ ವಾಪಸು ಹೋಗಿಲ್ಲ. ದಳಪತಿ ಒಗೆಯಲು ಕೊಟ್ಟ, ನಮ್ಮವರು ಒಗೆದರು, ಅವನು ಮತ್ತೆ ತೊಡಲಿಲ್ಲ. ಹಾಗಾದರೆ ನಮ್ಮ ಮುತ್ತಜ್ಜ ಯಾರು?

ಅಣ್ಣ ಬ್ರಷ್ ಹಿಡಿದು ಬಂದ. ಕಾಲರನ್ನು ಮೊದಲಿದ್ದಂತೆ ಮಡಚಿದೆ. “ಏನು ಪುಟ್ಟಿ, ಬೆವರ್ತಿದೀಯ” ಅಂದ. ಸೆಕೆ ಅಂದೆ. ಉಣ್ಣೆ ಹಿಡಿದಿದ್ದೆನಲ್ಲ, ನಂಬಿದ.

ಮಾರ್ಚ್ ೧೦, ಸೋಮವಾರ

ಉಪವಾಸ. ದೇವರಿಗೆ ಎಲ್ಲ ಹೇಳಿದೆ. ಅವನಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಒಂದು ಸಾಲೂ ಬರೆದಿಲ್ಲ.

ಮಾರ್ಚ್ ೧೨, ಬುಧವಾರ

ಸೋದರತ್ತೆಯನ್ನು ಕೇಳಿಯೇಬಿಟ್ಟೆ. ಬಿಸಿಲಿಗೆ ಕಾಲು ಚಾಚಿ ಕೂತು, ಕಿತ್ತ ಗುಂಡಿಗಳನ್ನು ಅಳತೆಯ ಪ್ರಕಾರ ಡಬ್ಬಿಗೆ ಹಾಕುತ್ತಿದ್ದರು. ಮುತ್ತಜ್ಜಿ ಅಂದರೆ ಅವರಿಗೆ ಸ್ವಂತ ಅಜ್ಜಿ, ಅವಳ ತೊಡೆಯ ಮೇಲೆ ಕೂತು ಬೆಳೆದವರು.

“ಅತ್ತೆ, ಕೋಟಿನ ಕಾಲರಿನಲ್ಲಿ ದಾರ ಇದೆ.”

“ಇರುತ್ತೆ. ಯಾರು ಕತ್ತರಿಸ್ತಾರೆ ಅದನ್ನ?” ಗುಂಡಿಯಿಂದ ಕಣ್ಣು ತೆಗೆಯಲಿಲ್ಲ.

“ಅಂದ್ರೆ ನಿಮಗೆ ಗೊತ್ತಿತ್ತಾ?”

“ಎಂಬತ್ತನಾಲ್ಕು ವರ್ಷ ಆಯ್ತು ಕಣೇ ಹುಟ್ಟಿ. ಎಲ್ಲರೂ ಕೋಟು ತೊಟ್ಟೋನ್ನ ಕೇಳಿದ್ರು, ಒಗೆದೋಳ್ನ ಒಬ್ಬರೂ ಕೇಳಲಿಲ್ಲ. ಕೇಳದೆ ಹೇಳೋಕೆ ನಾನೇನು ರೇಡಿಯೋನಾ?”

ಆಮೇಲೆ ಹೇಳಿದರು. ಅವರ ಮಾತಿನಲ್ಲೇ ಬರೆದಿಡುತ್ತೇನೆ, ಇಲ್ಲದಿದ್ದರೆ ರುಚಿ ಹೋಗುತ್ತದೆ.

“ನಮ್ಮೋರು ಕೋಟೆಯೊಳಗೆ ಸೈನ್ಯದ ಬಟ್ಟೆ ಒಗೆಯೋರು. ಮೊದಲಿಂದಾನೂ ಅಷ್ಟೇ. ಮುತ್ತಿಗೆ ಬಿದ್ದು ಮೂರು ತಿಂಗಳಾಗಿತ್ತು. ದಳಪತಿ ಕೋಟು ಒಗೆಯೋಕೆ ಕಳಿಸ್ದ, ಅದು ಒಣಗೋದ್ರೊಳಗೆ ಜ್ವರದಲ್ಲಿ ಹೋಗ್ಬಿಟ್ಟ. ಹಿಂದೇನೇ ಕೋಟೆ ಬಿಟ್ಟುಕೊಟ್ರು. ಗೆದ್ದೋರು ಡಂಗುರ ಸಾರಿಸಿದ್ರು, ಅಧಿಕಾರಿಗಳು ಮನೆಮಂದಿ ಕರ್ಕೊಂಡು ಹೊರಟುಹೋಗ್ಬಹುದು, ಮಿಕ್ಕೋರು ಒಳಗೇ ಇದ್ದು ದುಡೀಬೇಕು ಅಂತ. ನಮ್ಮಜ್ಜಿ ನೋಡಿದಳು. ಹಗ್ಗದ ಮೇಲೆ ಕೋಟು ಒಣಗ್ತಿದೆ, ಕೆಳಗೆ ಗಂಡ ಕೂತು ಅಳ್ತಿದಾನೆ. ಎದ್ದೇಳು ಅಂದಳು.”

“ತೊಡಿಸಿದಳಾ?”

“ತೊಡಿಸಿದಳು. ಆದ್ರೆ ಅವನು ಬಗ್ಗಿ ಬಗ್ಗಿ ಒಗೆದು ಗೂನು ಬಿದ್ದೋನು. ದಳಪತಿ ಗೂನಾಗಿದ್ರೆ ಯಾರು ನಂಬ್ತಾರೆ? ಬಟ್ಟೆ ಬಡಿಯೋ ಕೋಲು ತಂದು ಕೋಟಿನೊಳಗೆ ಬೆನ್ನಿಗೆ ಬಿಗಿದಳು. ಬಾಯಿ ಬಿಟ್ರೆ ಕೆಡ್ತು ಅಂತ, ಯಜಮಾನರಿಗೆ ಮೌನವ್ರತ ಅಂದಳು. ಮನೆಮಂದಿ ಅಂತ ಒಗೆಯೋ ಕೇರಿಯ ಇಪ್ಪತ್ತಮೂರು ಜನಾನ ಹಿಂದೆ ಹಾಕ್ಕೊಂಡಳು. ಕಾವಲಿನವನು ಕೇಳಿದನಂತೆ, ಈ ಹೆಂಗಸರೆಲ್ಲ ಯಾರು? ನನ್ನ ತಂಗಿಯರು. ಹದಿನಾಲ್ಕು ಜನಾನಾ? ನಮ್ಮಪ್ಪನ್ನ ಕೇಳಿ ಅಂದಳಂತೆ.”

ನಕ್ಕು ನಕ್ಕು ನನ್ನ ಸೆರಗು ಒದ್ದೆಯಾಯಿತು. ಆಮೇಲೆ ಮನಸ್ಸು ಚುಚ್ಚಿತು. “ವ್ರತದ ಹೆಸರಲ್ಲಿ ಸುಳ್ಳು ಹೇಳಿದಳಲ್ಲ ಅತ್ತೆ.”

“ಎಲ್ಲಿ ಸುಳ್ಳು? ಹೆದರಿ ಹೆದರಿ ಅವನು ಎರಡು ದಿನ ಮಾತೇ ಆಡಲಿಲ್ಲ. ವ್ರತ ನಡೆದೇಹೋಯ್ತು.”

“ಮತ್ತೆ ದಾರ?”

“ಸಾಯೋತನಕ ಕತ್ತರಿಸೋಕೆ ಬಿಡಲಿಲ್ಲ. ಕದ್ದಿದ್ದಲ್ಲ ಕಣ್ರೋ, ವಾಪಸ್ ಕೊಡಬೇಕಾದ್ದು, ಆ ಕಡೆಯೋರು ಯಾರಾದ್ರೂ ಬರ್ತಾರೆ ಅನ್ನೋಳು. ವರ್ಷಕ್ಕೊಂದು ಸಲ ಬಿಸಿಲಿಗೆ ಹಾಕೋಳು. ನಿಮ್ಮಪ್ಪನಿಗೂ ಗೊತ್ತಿತ್ತು. ಅವನಿಗೆ ದಳಪತಿ ಮೊಮ್ಮಗ ಆಗಿರೋದು ಚೆನ್ನಾಗಿತ್ತು, ಆದ.”

ಅಣ್ಣನಿಗೆ ಹೇಗೆ ಹೇಳುವುದು? ಅವನು ಆ ಕೋಟಿನ ನೆರಳಲ್ಲೇ ಎದೆಯುಬ್ಬಿಸಿ ನಿಂತವನು.

ಮಾರ್ಚ್ ೧೪, ಶುಕ್ರವಾರ

ಹನ್ನೊಂದು ಪುಟ. ದಳಪತಿಯ ಮೊದಲ ಮೂರು ಅಧ್ಯಾಯ ಹರಿದು ಹಾಕಿದೆ. ಅವನು ಗುಡುಗುತ್ತಿದ್ದ, ಆದರೆ ಎರಡು ವರ್ಷದಿಂದ ಒಂದು ಸಲವೂ ಸೀನಿರಲಿಲ್ಲ. ಮುತ್ತಜ್ಜಿ ಬಂದಳು ನೋಡಿ, ಬಂದವಳೇ ಮೊಣಕೈಯ ಸೋಪಿನ ನೊರೆ ಸೆರಗಿಗೆ ಒರೆಸಿಕೊಂಡು ಮಾತಿಗೆ ನಿಂತಳು. ಕೋಟೆಯೊಳಗೆ ಯಾರು ಸತ್ತರೆಂಬುದು ಮೊದಲು ಗೊತ್ತಾಗುತ್ತಿದ್ದುದು ಅವಳಿಗೇ. ಮೂಟೆಯಲ್ಲಿ ಯಾರ ಗುರುತಿನ ಬಟ್ಟೆ ಬರುವುದು ನಿಂತಿತೋ ಅವರು ಇಲ್ಲ. ಇದನ್ನು ನನಗೆ ಯಾರೂ ಹೇಳಲಿಲ್ಲ. ಚಿಕ್ಕಂದಿನಿಂದ ಮೂಟೆ ಬಿಚ್ಚಿದ ಕೈಗೆ ತಾನಾಗಿ ಹೊಳೆಯಿತು.

ಇದೇ ಗುಂಗಿನಲ್ಲಿ ಮೇಷ್ಟರ ಕಾಲರು ಸುಟ್ಟೆ. ಹೋಗಿ ಒಪ್ಪಿಕೊಂಡೆ. “ಯಾವ ರಾಣಿ ಸುಟ್ಟಿದ್ದು?” ಎಂದು ಕೇಳಿದರು. ಈ ಸಲ ರಾಣಿ ಅಲ್ಲ ಮೇಷ್ಟ್ರೇ, ನಮ್ಮವಳೇ ಅಂದೆ.

ಮಾರ್ಚ್ ೧೭, ಸೋಮವಾರ

ಉಪವಾಸ. ಸಂಜೆ ನಾಲ್ಕಕ್ಕೆ ಅತ್ತಿಗೆ ನೀರಾದರೂ ಕುಡಿ ಎಂದು ಬಂದಾಗಲೇ ಹಸಿವೆಯ ನೆನಪಾದದ್ದು. ಒಂಬತ್ತು ಪುಟ.

ಕೆಳಗೆ ಬೋರ್ಡು ಬರೆಯುವವನು ಬಂದಿದ್ದ. ಪುಸ್ತಕ ಬರುವ ಹೊತ್ತಿಗೆ ಅಂಗಡಿಗೆ ಹೊಸ ಬೋರ್ಡು ಆಗಬೇಕಂತೆ. ಮಾದರಿಯಲ್ಲಿ ಕುದುರೆಯ ಮೇಲೆ ದಳಪತಿ. ಮುಖ ನೋಡಿದರೆ ಅಣ್ಣನದೇ, ಮೀಸೆ ಮಾತ್ರ ಎರಡು ಗೇಣು ಹೆಚ್ಚು.

“ಹೇಗಿದೆ ಪುಟ್ಟಿ?”

“ಕುದುರೆ ಚೆನ್ನಾಗಿದೆ.”

“ಉತ್ತರ ಬರೆದೆಯಾ?”

ಬರೀತೀನಿ ಅಂದೆ. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. ಮೆಟ್ಟಿಲ ಹತ್ತಿರ ತಡೆದು, “ಏನೋ ನುಂಗಿಕೊಂಡಿದೀಯ. ಉಪವಾಸದ ದಿನ ಅದೂ ತಪ್ಪೇ” ಅಂದರು. ಅವರಿಗೆ ಎಲ್ಲ ಹೇಳಿದೆ. ಬಾಯಿಗೆ ಕೈ ಮುಚ್ಚಿಕೊಂಡು, “ಹದಿನಾಲ್ಕು ತಂಗಿಯರಾ” ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಮಾರ್ಚ್ ೨೦, ಗುರುವಾರ

ಹೇಳಿದೆ. ಅಂಗಡಿ ಬಾಗಿಲು ಎಳೆದ ಮೇಲೆ, ಗಾಜಿನ ಪೆಟ್ಟಿಗೆ ತೆಗೆಸಿ, ಕಾಲರು ಮಡಚಿ ತೋರಿಸಿದೆ. ಅತ್ತೆ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದೆ.

ಅಣ್ಣ ಕನ್ನಡಕ ಹಾಕಿಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ದಾರದ ಪಾಠ ಹೇಳಿಕೊಡುವವನು ಅವನೇ. ಅವನಿಗೆ ನಾನೇನು ಬಿಡಿಸಿ ಹೇಳಲಿ.

ಅವನ ಕೈ ಕೊರಳ ಕತ್ತರಿಗೆ ಹೋಯಿತು. ಕತ್ತರಿಯ ಬಾಯಿ ತೆರೆದು ದಾರದ ಕೆಳಗೆ ತೂರಿಸಿದ. ನಾನು ತಡೆಯಲಿಲ್ಲ. ಒಂದು ಕ್ಷಣ ಒತ್ತಿದ್ದರೆ ನೂರು ವರ್ಷದ ಸಾಕ್ಷಿ ಕಸದ ಬುಟ್ಟಿಯಲ್ಲಿರುತ್ತಿತ್ತು. ಅವನ ಕಣ್ಣು ಮಾತ್ರ ಮೇಲೆದ್ದು ಕೌಂಟರಿನ ಆಚೆ ಹೋಯಿತು, ಗಿರಾಕಿ ನಿಲ್ಲುವ ಜಾಗಕ್ಕೆ. ಅಲ್ಲಿ ಯಾರೂ ಇರಲಿಲ್ಲ. ಎದುರಿಗೆ ಗಿರಾಕಿ ಇಲ್ಲದೆ ದಾರ ಕತ್ತರಿಸಿ ಅವನ ಕೈಗೆ ಗೊತ್ತೇ ಇಲ್ಲ. ಕತ್ತರಿ ಕೆಳಗಿಳಿಸಿದ.

ಸಿಟ್ಟು ಬಂದಿದ್ದು ಆಮೇಲೆ.

“ಹೌದು ಅಂತ ಬರಿ. ಒಂದು ಪದ. ಅಷ್ಟೂ ಆಗಲ್ಲ ಅಂದ್ರೆ ನಿನ್ನ ಪುಸ್ತಕದಲ್ಲಿ ನನ್ನ ಅಂಗಡಿ ಬೇಡ, ನಿನಗೆ ಅಣ್ಣನೂ ಬೇಡ.”

“ನಿನಗೆ ಬೇಡ ಅಂದ್ರೆ ಬೇಡ. ಸುಳ್ಳು ಮಾತ್ರ ಬರೆಯಲ್ಲ.”

ಕೋಟು ಒಳಗಿಟ್ಟು ಬೀಗ ಹಾಕಿ ಹೋದ. ಗಂಟುಮೂಟೆ ಕಟ್ಟಿ ಈ ಮನೆ ಬಿಡಬೇಕಾಗಿ ಬಂದರೆ ಎಲ್ಲಿಗೆ ಹೋಗುವುದೋ ತಿಳಿಯದು. ಪ್ರಾರ್ಥನೆಗೆ ಕೂತವಳು ಅಣ್ಣನ ಹೆಸರೇ ಹಿಡಿದು ಕೂತಿದ್ದೆ.

ಮಾರ್ಚ್ ೨೨, ಶನಿವಾರ

ಅಣ್ಣ ನನ್ನ ಜೊತೆ ಮಾತು ಬಿಟ್ಟು ಎರಡು ದಿನ. ಏನಿದ್ದರೂ ಅತ್ತಿಗೆಯ ಮೂಲಕ. “ಕಾದಂಬರಿಗಾರ್ತಿಯವರಿಗೆ ಹೇಳು, ಹೊದಿಕೆ ಒಣಗಿದೆ.” ನಾನು ಎರಡು ಮಾರು ದೂರದಲ್ಲೇ ನಿಂತಿದ್ದೆ. ಅತ್ತಿಗೆ ತಿರುಗಿ, “ಕಾದಂಬರಿಗಾರ್ತಿಯವರೇ, ಲಾಂಡ್ರಿಯವರು ಹೇಳ್ತಿದಾರೆ, ಹೊದಿಕೆ ಒಣಗಿದೆಯಂತೆ” ಅಂದರು. ಗೊತ್ತಾಯಿತು ಅಂತ ಹೇಳಿ ಅಂದೆ. ಅತ್ತೆಗೆ ನಾಟಕಕ್ಕಿಂತ ಇದೇ ಚೆನ್ನಾಗಿತ್ತು.

ಮಧ್ಯಾಹ್ನ ಬಟ್ಟೆ ಮಡಚುವ ಕೋಣೆಯಲ್ಲಿ ಅತ್ತೆಗೂ ಅತ್ತಿಗೆಗೂ ಕೋಟೆಬಾಗಿಲಿನ ಅಧ್ಯಾಯ ಓದಿದೆ. ಪರದೆಯ ಆಚೆ ಅಣ್ಣ ಇಸ್ತ್ರಿ ಮಾಡುತ್ತಿದ್ದ. ಮುತ್ತಜ್ಜಿ ಗಂಡನ ಬೆನ್ನಿಗೆ ಕೋಲು ಬಿಗಿಯುವಲ್ಲಿಗೆ ಬಂದಾಗ ಆಚೆ ಕಡೆಯ ಸದ್ದು ನಿಂತಿತು. ನಾನು ಓದುತ್ತಲೇ ಹೋದೆ. ಕಾವಲಿನವನು ಎದುರಾದ. ಹದಿನಾಲ್ಕು ತಂಗಿಯರಾದರು. ಬಾಗಿಲು ದಾಟಿದರು.

“ಕೋಲು ಎಷ್ಟುದ್ದ ಬರೆದಿದೀಯ?”

ಪರದೆಯೇ ಮಾತಾಡಿದಂತಿತ್ತು. ಅತ್ತಿಗೆ ಮಡಚುತ್ತಿದ್ದ ಟವೆಲ್ಲು ಕೈಯಲ್ಲೇ ಉಳಿಯಿತು.

“ಮೂರು ಅಡಿ” ಅಂದೆ.

“ತಪ್ಪು. ಕೋಟಿನ ಸೀಳು ಸೊಂಟದಿಂದ ಕೆಳಗಿದೆ. ಮೂರು ಅಡಿ ಆದ್ರೆ ನಡೆಯುವಾಗ ಹಿಂದೆ ಇಣುಕುತ್ತೆ, ಅಲ್ಲೇ ಸಿಕ್ಕಿಬೀಳ್ತಿದ್ದ. ಎರಡಕ್ಕೆ ನಿಲ್ಲಿಸು.”

“ಬರ್ಕೊಂಡೆ.”

ಇಸ್ತ್ರಿ ಪೆಟ್ಟಿಗೆ ಒಮ್ಮೆ ಚುಸ್ ಅಂದಿತು. ಆಮೇಲೆ, “ಎರಡು ದಿನ ಅದನ್ನ ಕಟ್ಕೊಂಡು ಕೂತಿದ್ದು ಹೇಗೆ?”

ಅತ್ತೆ ಇದ್ದಲ್ಲಿಂದಲೇ ಕೂಗಿದರು, “ಕೂರಲಿಲ್ಲ ಕಣೋ, ಮರಕ್ಕೆ ಒರಗಿ ನಿಂತೇ ನಿದ್ದೆ ಮಾಡ್ದ.”

ಪರದೆಯ ಹಿಂದೆ ಅಣ್ಣ ನಗುವುದು ಕೇಳಿಸಿತು. ಮೂಗಿನಲ್ಲಿ ತಡೆದ ನಗೆ. ತಡೆಯಲಾಗಲಿಲ್ಲ ಪಾಪ.

ಮಾರ್ಚ್ ೨೪, ಸೋಮವಾರ

ಬೆಳಗ್ಗೆ ಬೇಗನೆ ಉತ್ತರ ಬರೆದೆ. ಒಂದೇ ಸಲಕ್ಕೆ, ಚಿತ್ತಿಲ್ಲದೆ. ಹೀಗಿದೆ:

‘ದಳಪತಿ ನಮ್ಮ ಮುತ್ತಜ್ಜ ಅಲ್ಲ. ಅವರ ಕೋಟು ನಮ್ಮ ಮುತ್ತಜ್ಜಿಯ ಬಳಿ ಒಗೆಯಲು ಬಂದಿತ್ತು, ಇನ್ನೂ ನಮ್ಮಲ್ಲಿದೆ. ಪುಸ್ತಕದ ಬೆನ್ನಿಗೆ, ಒಗೆಯುವವಳ ಮರಿಮಗಳು ಬರೆದ ಕಾದಂಬರಿ ಎಂದು ಹಾಕಿ. ನನ್ನ ಪುಸ್ತಕಕ್ಕೆ ಅದೇ ಸರಿ. ದಳಪತಿಯ ಕಡೆಯವರು ಯಾರಾದರೂ ಓದಿದರೆ ಬಂದು ಕೋಟು ತೆಗೆದುಕೊಂಡು ಹೋಗಲಿ. ಇಸ್ತ್ರಿ ಆಗಿದೆ.’

ಅಂಟಿಸುವ ಮೊದಲೇ ಅಣ್ಣ ಮಹಡಿ ಹತ್ತಿ ಬಂದ. ಮೊಣಕಾಲು ನೋವೆಂದು ಅವನು ಇಲ್ಲಿಗೆ ಬಂದು ವರ್ಷವಾಗಿತ್ತು. ಬಾಗಿಲಲ್ಲೇ ನಿಂತು ಕೈ ಚಾಚಿದ, ಕೊಟ್ಟೆ. ಓದಿದ. ಕೊನೆಯ ಸಾಲು ಎರಡು ಸಲ ಓದಿದ ಅನ್ನಿಸುತ್ತದೆ.

“ಪುಟ್ಟಿ, ನೂರು ವರ್ಷದ ಮೇಲಾಯ್ತು. ಒಂದು ಹುಳ ಬಿದ್ದಿಲ್ಲ, ಒಂದು ಗುಂಡಿ ಹೋಗಿಲ್ಲ. ಗಿರಾಕಿ ಬಟ್ಟೇನ ಇಷ್ಟು ವರ್ಷ ಕಾಪಾಡಿದ ಲಾಂಡ್ರಿ ಬೇರೆ ಯಾವುದಿದೆ, ತೋರಿಸಲಿ ನೋಡೋಣ.”

“ಇಲ್ಲ ಅಣ್ಣ.”

“ಬೋರ್ಡಿನಲ್ಲಿ ಕುದುರೆ ಬೇಡ ಅಂತ ಹೇಳಿ ಕಳಿಸಿದೀನಿ. ಹೆಸರು ಬದಲಾಯಿಸಲ್ಲ, ಈಗಲೇ ಹೇಳಿರ್ತೀನಿ. ದಳಪತಿ ಕೋಟು ಒಗೆದ ಲಾಂಡ್ರಿ, ದಳಪತಿ ಲಾಂಡ್ರಿ. ಎಲ್ಲಿದೆ ತಪ್ಪು?”

ತಪ್ಪಿಲ್ಲ ಅಂದೆ. ಟಪಾಲಿಗೆ ತಾನೇ ಹಾಕುತ್ತೇನೆಂದು ಕಾಗದ ಅಂಗಿಯ ಜೇಬಿಗಿಟ್ಟುಕೊಂಡು ಇಳಿದ. ಇಳಿಯುವಾಗ, “ಒಗೆಯೋಳು ಅಂತ ಬರೆದಿದೀಯಲ್ಲ, ಇಸ್ತ್ರೀನೂ ಮಾಡ್ತಿದ್ದಳು, ಅದನ್ನೂ ಸೇರಿಸಬಹುದಿತ್ತು” ಅಂದ. ಎಲ್ಲದರಲ್ಲೂ ಒಂದು ತಿದ್ದುಪಡಿ ಇರಲೇಬೇಕು ಅವನಿಗೆ.

ಕೊನೆಯ ಅಧ್ಯಾಯದ ಶುದ್ಧಪ್ರತಿ ಮಾಡುತ್ತ ಕೂತೆ. ಮುತ್ತಜ್ಜಿ ಹೊಸ ಊರಿನ ಹೊಳೆಗೆ ಬಂದು, ಕಲ್ಲು ಆರಿಸಿಕೊಂಡು, ಗಂಡನ ಬೆನ್ನಿನಿಂದ ಕೋಲು ಬಿಚ್ಚಿ ಕೈಗೆ ತೆಗೆದುಕೊಳ್ಳುತ್ತಾಳೆ. ಅಲ್ಲಿಗೆ ಮುಗಿಸಿದೆ. ಮುಂದಿನದಕ್ಕೆ ಆ ಹದಿನಾಲ್ಕು ತಂಗಿಯರಲ್ಲಿ ಒಬ್ಬಳನ್ನು ಹಿಡಿಯಬೇಕು. ಸಂಪಾದಕಿಗೆ ಈಗಲೇ ಹೇಳುವುದಿಲ್ಲ.

ಮೂರು ಗಂಟೆ ಹೊಡೆಯಿತು. ಇವತ್ತು ಉಪವಾಸ ಅಂತ ಈಗ ನೆನಪಾಗುತ್ತಿದೆ. ಬೆಳಗ್ಗೆ ಅತ್ತಿಗೆ ಕೊಟ್ಟಿದ್ದನ್ನು ತಿಂದುಬಿಟ್ಟಿದ್ದೇನೆ. ದೇವರೇ, ನಾಳೆ ಮಾಡುತ್ತೇನೆ, ಒಂದು ದಿನ ಹಿಂದುಮುಂದು.

ಕೆಳಗಿನಿಂದ ಮೇಷ್ಟರ ನಗು ಕೇಳಿಸಿತು, ಅದರ ಮೇಲೆ ಅಣ್ಣನ ದನಿ. ಕಿಟಕಿಯಿಂದ ಬಗ್ಗಿ ನೋಡಿದೆ. ಟಪಾಲಿಗೆ ಹೋಗಬೇಕಾದ ಕಾಗದ ಅವನ ಕೈಯಲ್ಲೇ ಇದೆ. ಬೆಳಗ್ಗೆಯಿಂದ ಬಂದ ಗಿರಾಕಿಗಳಿಗೆಲ್ಲ ಓದಿ ಹೇಳುತ್ತಿದ್ದಾನೆ. ಕ್ಷೌರದಂಗಡಿಯವನು ಎರಡನೇ ಸಲ ಕೇಳಲು ನಿಂತಿದ್ದಾನೆ. ನಾಲ್ಕಕ್ಕೆ ಟಪಾಲಿನ ಚೀಲ ಕಟ್ಟುತ್ತಾರೆ.

ಮೆಟ್ಟಿಲಿಗೆ ಬಂದು ಕೂಗಿದೆ.

“ಅತ್ತಿಗೇ, ಕೈಯಲ್ಲಿರೋದನ್ನ ಹಾಗೇ ಬಿಟ್ಟು ಅಂಗಡಿಗೆ ಹೋಗಿ. ಅಣ್ಣನ ಕೈಯಿಂದ ನನ್ನ ಉತ್ತರ ಇಸ್ಕೊಂಡು ಬನ್ನಿ, ಅಧ್ಯಾಯದ ಜೊತೆ ನಾನೇ ಟಪಾಲಿಗೆ ಹಾಕ್ತೀನಿ.”